ಕೌದಿಯ ಪಟ್ಟಿ ಕಟ್ಟಿಕೊಂಡು ಓಡಿದವರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಔರಾದ್ ಬಸ್ಸಿನ ಕಂಡಕ್ಟರ್. ಬೀದರಿನ ನಿಲ್ದಾಣದಲ್ಲಿ ನಾನು ಪತ್ರಿಕೆ ಕೊಳ್ಳುತ್ತ ನಿಂತಿದ್ದೆ. ಅವನು ಬಸ್ಸಿನ ಬಾಗಿಲಿನಿಂದಲೇ ಕರೆದು, "ಸರ, ನಿಮ್ಮ ಮಾಸ್ತರ ಹೋದ್ರರಿ. ನಿನ್ನಿ ಸಂಜಿಗಿ" ಎಂದ. ಇನ್ನೊಂದು ಮಾತು ಸೇರಿಸಿದ. "ಭಾಳ ಛಲೋ ಮನಷ್ಯಾರಿ. ಆದ್ರ ಒಂದೀಟು ಜಲ್ದಿ ನಡೀಬೇಕಿತ್ತು. ಬಸ್ ಬಿಡ್ಲತ್ತೇವಿ ಅಂತ ಹಾರ್ನ್ ಹೊಡದ್ರೂ ಓಡ್ತಿರಲಿಲ್ಲ. ಮೆಲ್ಲಗ, ಮದಿವಿಗಿ ಬಂದ ಬೀಗರಂಗ ಬರ್ತಿದ್ರು. ಅರ್ಧಾ ಬಸ್ಸು ಬೈತಿತ್ತು ನೋಡ್ರಿ."

ಆ ಮಾತಿಗೆ ನಾನು ನಕ್ಕೆನೋ ಇಲ್ಲವೋ ಈಗ ಹೇಳಲಾರೆ. ಅದೇ ಬಸ್ಸು ಹತ್ತಿ ಕುಳಿತದ್ದು ಮಾತ್ರ ಖಚಿತ. ಹೀಗೆ ಮೆಲ್ಲಗೆ ಬರುತ್ತಿದ್ದ ಮನುಷ್ಯ ಒಂದು ಕಾಲಕ್ಕೆ ಬೀದರಿನಿಂದ ಔರಾದಿನವರೆಗೆ ಓಡಿದ್ದರು, ಅದೂ ಯಾರ ಒತ್ತಾಯವಿಲ್ಲದೆ, ಓಡುವ ಆಸೆಗಾಗಿ ಓಡಿದ್ದರು ಎಂದು ಆ ಹುಡುಗನಿಗೆ ಹೇಳಬಹುದಿತ್ತು. ಹೇಳಿದ್ದರೆ ಯಾಕೆ ಬಿಟ್ಟರೆಂದು ಕೇಳುತ್ತಿದ್ದ. ಅದನ್ನು ಹೇಳಲು ಆ ದಾರಿ ಸಾಲದು.

ಹೆಸರು ಬರೆಯಬಾರದೆಂದು ಅವರೇ ಹೇಳಿದ್ದರು. ನಾನು ದಿನಚರಿ ಬರೆಯುವ ಚಟದವನೆಂದು ಅವರಿಗೆ ಗೊತ್ತಿತ್ತು. "ನನ್ನ ಬಗ್ಗಿ ಏನಾರ ಬರದ್ರ ಹೆಸರ ಹಾಕಬ್ಯಾಡ ತಮ್ಮಾ. ಹೆಸರ ನೋಡಿದ ಕೂಡ್ಲೆ ಮಂದಿ ಇಂವ ಯಾರ ಪೈಕಿ ಅಂತ ನೋಡ್ತಾರ. ಆಮ್ಯಾಲ ಒಬ್ರು ಶಾಬಾಸ್ ಅಂತಾರ, ಇನ್ನೊಬ್ರು ಥೂ ಅಂತಾರ. ಎರಡೂ ನನಗ ಬ್ಯಾಡ." ನಮ್ಮ ಸೀಮೆಯಲ್ಲಿ ಬದುಕಲಿಕ್ಕೂ ಸಾಯಲಿಕ್ಕೂ ಹೆಸರೊಂದೇ ಸಾಕಾಗುವ ಕಾಲವನ್ನು ನಾವಿಬ್ಬರೂ ನೋಡಿದ್ದೆವು. ಆದ್ದರಿಂದ ಇಲ್ಲಿ ಅವರು ಮಾಸ್ತರು, ಅಷ್ಟೇ.

ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬೀದರಿನ ಶಾಲೆಗೆ ಬಂದಾಗ ಅವರು ಅಲ್ಲಿ ಲೆಕ್ಕ ಕಲಿಸುತ್ತಿದ್ದರು. ನಿಜಾಮರ ಆಳ್ವಿಕೆ, ಪಾಠವೆಲ್ಲ ಉರ್ದುವಿನಲ್ಲಿ. ಕೋಟೆಯ ಕಡೆಯ ಓಣಿಯೊಂದರಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಮಾಸ್ತರು ಕುಳ್ಳಗೆ, ದೊಡ್ಡ ಕಿವಿಗಳು, ಅಗಲ ಎದೆ. ಮಲಗುವಾಗ ಕಾಲನ್ನು ಗೋಡೆಗೆ ಆನಿಸಿ ಮೇಲಕ್ಕೆತ್ತಿಟ್ಟು ಮಲಗುತ್ತಿದ್ದರು. ಅವರ ಹಿಮ್ಮಡಿ ತಾಗುವ ಕಡೆ ಸುಣ್ಣದ ಮೇಲೆ ಎರಡು ಎಣ್ಣೆಕಲೆಗಳಿದ್ದವು. ಅಂಗಾಲಿಗೆ ಔಡಲ ಎಣ್ಣೆ ತಿಕ್ಕುತ್ತ ನನಗೆ ಓಟದ ಪಾಠ ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿದ್ದುದು ಕಡಿಮೆ. ಆದರೂ ಒಂದು ಮಾತು ಉಳಿದಿದೆ. "ಸಣ್ಣ ಓಟ ಕುದುರಿಗಿ, ಉದ್ದನ್ನ ಓಟ ಎತ್ತಿಗಿ. ನಾ ಎತ್ತು ಆಗ್ಲತ್ತೇನಿ ತಮ್ಮಾ."

ಸಣ್ಣ ಓಟದಲ್ಲಿ ಮಾಸ್ತರರನ್ನು ಹಿಂದೆ ಹಾಕುವವರು ಬೇಕಾದಷ್ಟು ಜನರಿದ್ದರು. ಹೈದರಾಬಾದಿನಲ್ಲಿ ಚಳಿಗಾಲಕ್ಕೊಂದು ದೂರದ ಓಟ ನಡೆಯುತ್ತದೆ, ಯಾರು ಬೇಕಾದರೂ ಓಡಬಹುದು ಎಂದು ಎಲ್ಲಿಂದಲೋ ಕೇಳಿ ಬಂದ ಮೇಲೆ ಅವರ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ. ಶಾಲೆಗೆ ಮೊದಲು ಜನವಾಡದ ದಾರಿಯಲ್ಲಿ ಎತ್ತಿನ ಗಾಡಿಗಳ ಹಿಂದೆ ಓಡುತ್ತಿದ್ದರು. ಗಾಡಿಯನ್ನು ದಾಟಬಾರದು, ಹಿಂದೆಯೂ ಬೀಳಬಾರದು, ಎತ್ತಿನ ಉಸಿರಿಗೆ ತನ್ನ ಉಸಿರು ಹೊಂದಬೇಕು ಎಂಬುದು ಅವರೇ ಮಾಡಿಕೊಂಡ ಕ್ರಮ. ಗಾಡಿಯವರು ಹಿಂತಿರುಗಿ ನೋಡಿ, "ಮಾಸ್ತರ, ನೊಗಾ ಕಟ್ಟಲೇನ್ರಿ?" ಎಂದು ನಗುತ್ತಿದ್ದರು. ಅವರ ತಾಯಿ ಔರಾದಿನಲ್ಲಿದ್ದರು. ಬೀದರಿನಿಂದ ಔರಾದಿಗೆ ಒಂದೇ ಓಟದಲ್ಲಿ ಮುಟ್ಟುವುದು ಅವರ ಗುರಿ. ಅದಾಗುವವರೆಗೆ ಹೈದರಾಬಾದಿನ ಮಾತೆತ್ತುವಂತಿರಲಿಲ್ಲ.

ಆದರೆ ಅವರು ಆರಿಸಿಕೊಂಡ ವರ್ಷ ಓಟಕ್ಕೆ ಹೇಳಿ ಮಾಡಿಸಿದ್ದಾಗಿರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮಗೆ ಬಂದಿರಲಿಲ್ಲ. ಲಾರಿಗಳಲ್ಲಿ ನಿಜಾಮರ ಕಡೆಯ ಬಂದೂಕಿನವರು ಬರುತ್ತಿದ್ದರು, ಕಣಜ ಸುಟ್ಟು ಹೋಗುತ್ತಿದ್ದರು. ಪ್ರತಿ ಹಳ್ಳಿಯಲ್ಲೂ ಎತ್ತರದ ಜಾಗದಲ್ಲಿ ಒಬ್ಬ ಪಾಳಿಯ ಮೇಲೆ ರಸ್ತೆ ಕಾಯುತ್ತಿದ್ದ. ಅಂಥ ದಿನಗಳಲ್ಲಿ ರಸ್ತೆಯ ಮೇಲೆ ಓಡುವ ಮನುಷ್ಯ ಕಂಡರೆ ಜನಕ್ಕೆ ತಿಳಿಯುತ್ತಿದ್ದುದು ಒಂದೇ: ಅವನ ಹಿಂದೆ ಏನೋ ಬರುತ್ತಿದೆ.

ಜನವಾಡ ದಾಟಿ ಮಾಂಜ್ರಾ ನದಿ ಸಿಗುವ ಮೊದಲು ಒಂದು ಸಣ್ಣ ಊರು. ಊರಿಗೆ ತುಸು ದೂರದಲ್ಲಿ ಕೆಂಪು ದಿನ್ನೆಯ ಮೇಲೆ ಹತ್ತಿ ಹಿಂಜುವ, ಗಾದಿ ಕೌದಿ ಹೊಲಿಯುವ ಪಿಂಜಾರರ ಕೆಲವು ಮನೆಗಳು. ಮಾಸ್ತರು ಮೊದಲ ಸಲ ಅಷ್ಟು ದೂರ ಹೋದ ದಿನ, ಹೊಲದಲ್ಲಿದ್ದ ಹೆಂಗಸರು ಅವರನ್ನು ನೋಡಿ ಓಡತೊಡಗಿದರು. ಹೆಂಗಸರು ಓಡುವುದನ್ನು ಕಂಡ ಮಾಸ್ತರು, ತಮ್ಮ ಬೆನ್ನ ಹಿಂದೆ ಲಾರಿ ಬರುತ್ತಿದೆಯೆಂದು ತಿಳಿದು ಇನ್ನೂ ಜೋರಾಗಿ ಓಡಿದರು. ಅವರು ಜೋರು ಮಾಡಿದಷ್ಟೂ ಊರು ಜೋರು ಮಾಡಿತು. ಊರವರೂ ದಿನ್ನೆಯವರೂ ನದಿಯ ಪೊದೆಗಳೊಳಗೆ ಸೇರಿದರು, ಅವರ ಹಿಂದೆಯೇ ಮಾಸ್ತರೂ ಸೇರಿದರು.

ಈ ಕತೆಯನ್ನು ಅವರು ಕೋಣೆಯಲ್ಲಿ ಹೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅವರು ನಗಲಿಲ್ಲ. ಹೊರಸಿನ ಮೇಲೆ ಮಲಗಿದ್ದ ಮುದುಕನೊಬ್ಬನನ್ನು ಮಕ್ಕಳು ಅಲ್ಲೇ ಬಿಟ್ಟು ಓಡಿದ್ದರಂತೆ. ಎಲ್ಲರೂ ತಿರುಗಿ ಬಂದ ಮೇಲೆ ಮುದುಕ ಮಕ್ಕಳ ಮುಖ ನೋಡಲಿಲ್ಲ, ಅವರು ಕೊಟ್ಟ ರೊಟ್ಟಿ ಮುಟ್ಟಲಿಲ್ಲ. "ಆ ಮನೀದು ನಾ ಏನ ಮುರದ್ನಿ ಅಂತ ನನಗೇ ತಿಳೀವಲ್ದು" ಎಂದರು.

ಮುಂದಿನ ಭಾನುವಾರ ಅವರು ತಾವಾಗಿಯೇ ಆ ಊರಿಗೆ ಹೋದರು, ನನ್ನನ್ನೂ ಕರೆದೊಯ್ದರು. ಬೇವಿನ ಕಟ್ಟೆಯ ಮೇಲೆ ಊರು ಕೂಡಿತ್ತು. ಗೌಡ ಕೇಳಿದ. "ಮಾಸ್ತರ, ನಿಮ್ಮ ಬೆನ್ನ ಹತ್ತಿದವರು ಯಾರಿದ್ರು?"

"ಯಾರೂ ಇಲ್ಲರಿ."

"ಮತ್ತ ಯಾಕ ಓಡ್ತಿರಿ?"

"ಸುಮ್ನ ಓಡ್ತೇನಿರಿ. ಓಟದ ತಾಲೀಮು."

"ಸುಮ್ಮ ಸುಮ್ಮಕ ನಾಯಿ ಸುದ್ದಾ ಓಡಲ್ಲರಿ" ಎಂದ ಹಿಂದಿನಿಂದ ಒಬ್ಬ. ಜನ ನಕ್ಕರು. ನಗು ಬಂದದ್ದರಿಂದ ಮಾತು ಸುಲಭವಾಯಿತು. ಓಡಬೇಡಿ ಎಂದು ಯಾರೂ ಹೇಳಲಿಲ್ಲ. ಓಡುವುದಾದರೆ ಇದು ಬರೀ ಓಟ ಎಂದು ದೂರದಿಂದಲೇ ತಿಳಿಯುವ ಗುರುತು ಬೇಕೆಂದರು. ತಲೆಗೆ ಬಟ್ಟೆ ಕಟ್ಟಿಕೊಳ್ಳಲಿ ಎಂದಾಯಿತು. ಯಾವ ಬಣ್ಣ ಎಂಬಲ್ಲಿ ಮಾತು ಸಿಕ್ಕಿಕೊಂಡಿತು. ಬಿಳಿಯದಾದರೆ ಪೊಲೀಸರು ಗಾಂಧಿಯವನೆಂದು ಹಿಡಿಯುತ್ತಾರೆ. ಹಸಿರು ಕಂಡರೆ ಅರ್ಧ ಊರು ಹೆದರುತ್ತದೆ, ಕೇಸರಿ ಕಂಡರೆ ಇನ್ನರ್ಧ. ಕೆಂಪು ಬೇಡ, ತೆಲಂಗಾಣದ ಕಡೆಯ ಕಮ್ಯುನಿಸ್ಟರದು. ಕರಿಯದು ಸಾವಿನದು. ಲೋಕದಲ್ಲಿ ಬಣ್ಣವೇ ಉಳಿಯಲಿಲ್ಲ.

ಆಗ ದಿನ್ನೆಯಿಂದ ಬಂದು ಅಂಚಿನಲ್ಲಿ ಕೂತಿದ್ದ ಖಾಸಿಂಬಿ ಎಂಬ ಮುದುಕಿ, "ಎಲ್ಲಾ ಬಣ್ಣಾ ಕಟ್ಟಿಕೊಂಡ್ರ ಯಾರೇನ ಅಂತಾರ?" ಎಂದಳು. ಎದ್ದು ಹೋಗಿ ತನ್ನ ಹಳೆಯ ಕೌದಿಯ ಅಂಚು ಕತ್ತರಿಸಿ ತಂದಳು. ಹರಕು ಸೀರೆ, ಅಂಗಿ, ಲಂಗಗಳ ತುಂಡು ಕೂಡಿಸಿ ಹೊಲಿದ, ಒಂದು ಮಾರು ಉದ್ದದ ಪಟ್ಟಿ. ಮಾಸ್ತರರ ತಲೆಗೆ ಅವಳೇ ಸುತ್ತಿ, ಉಳಿದದ್ದನ್ನು ಬೆನ್ನ ಮೇಲೆ ಬಾಲದಂತೆ ಬಿಟ್ಟಳು. "ಇದು ಹಾರಿದ್ರ ಏನೂ ಇಲ್ಲ ಅಂತ ಅರ್ಥ. ಕೇಳ್ರಪಾ ಎಲ್ಲಾರೂ."

ಆ ಬೇಸಿಗೆಯೆಲ್ಲ ಮಾಸ್ತರರ ತಲೆಯ ಮೇಲೆ ಆ ಪಟ್ಟಿಯಿತ್ತು. ಕಾವಲಿನವನು ದೂರದಿಂದಲೇ "ಕೌದಿ ಬಂತು" ಎಂದು ಕೂಗಿದರೆ ಜನ ತಲೆಯೆತ್ತಿ ನೋಡಿ ಮತ್ತೆ ಕೆಲಸಕ್ಕೆ ಬಾಗುತ್ತಿದ್ದರಂತೆ. ಖಾಸಿಂಬಿ ತಂಬಿಗೆ ಹಿಡಿದು ದಿನ್ನೆ ಇಳಿದು ಬರುತ್ತಿದ್ದಳು. ಮಾತಾಡಲು ಹೋದರೆ ಗದರುತ್ತಿದ್ದಳು: "ಮೊದಲ ನೀರ ಕುಡಿ ಬೇಟಾ, ಆಮ್ಯಾಲ ಮಾತು." ಒಮ್ಮೆ ಪಟ್ಟಿ ಮರೆತು ಹೊರಟವರು ಊರ ಹೊರಗಿನ ಮಜಾರದ ಗೋರಿಯವರೆಗೆ ಹೋಗಿ, ನೆನಪಾಗಿ, ತಿರುಗಿ ಬಂದದ್ದನ್ನು ನಾನೇ ನೋಡಿದ್ದೇನೆ. ಅದಾದ ಮೇಲೆ ಮರೆಯಬಾರದೆಂದು ಅದನ್ನು ಓಡುವ ಚಡ್ಡಿಯ ಜೊತೆಗೇ ಗಂಟು ಹಾಕಿ ಗೂಟಕ್ಕೆ ತೂಗುಹಾಕುತ್ತಿದ್ದರು.

ಮಳೆ ಶುರುವಾಗುವ ಹೊತ್ತಿಗೆ ಅವರು ಔರಾದ್ ಮುಟ್ಟಿದರು. ಹೊಳೆಯಲ್ಲಿ ಇನ್ನೂ ನೀರೇರಿರಲಿಲ್ಲ, ಮೊಣಕಾಲಿನಷ್ಟರಲ್ಲಿ ದಾಟಿದ್ದರು. ಬಾಗಿಲಲ್ಲಿ ಬೆವರು ಸುರಿಸುತ್ತ ನಿಂತ ಮಗನನ್ನು ನೋಡಿ ತಾಯಿ ಕೇಳಿದ್ದು, "ಯಾರ ಸತ್ರೋ?" ಯಾರೂ ಸತ್ತಿಲ್ಲವೆಂದು ನಂಬಿಸಲು ಊಟದ ಹೊತ್ತಾಯಿತಂತೆ. ತಿರುಗಿ ಬಂದು ಇದನ್ನು ಹೇಳುವಾಗ ಅವರ ಮುಖದಲ್ಲಿದ್ದ ಬೆಳಕನ್ನು ನಾನು ಆಮೇಲೆ ಎಂದೂ ನೋಡಲಿಲ್ಲ. ಅಥವಾ ಆಮೇಲೆ ನೋಡಲಿಲ್ಲವಾದ್ದರಿಂದ ಆ ದಿನದ ಮುಖಕ್ಕೆ ನಾನೇ ಬೆಳಕು ಹಚ್ಚಿದ್ದೇನೋ. ನೆನಪಿಗೆ ಅಂಥ ಕೆಲಸ ಬಲು ಸಲೀಸು.

ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ಆಯಿತು. ಭಾರತದ ಸೈನ್ಯ ಬಂತು, ನಿಜಾಮರ ಆಳ್ವಿಕೆ ಮುಗಿಯಿತು, ಲಾರಿಗಳ ಹೆದರಿಕೆ ಹೋಯಿತು. ಹೆದರಿಕೆ ಪೂರ್ತಿ ಹೋಗಲಿಲ್ಲ, ಮನೆ ಬದಲಿಸಿತು. ನಿನ್ನೆಯವರೆಗೆ ಕಣಜ ಸುಡಿಸಿಕೊಂಡವರಲ್ಲಿ ಕೆಲವರು ಇಂದು ಕೊಡಲಿ ಹಿಡಿದು ಗುಂಪು ಕಟ್ಟಿದರು. ಲಾರಿಯವರದೇ ಮತವೆಂಬ ಒಂದೇ ಕಾರಣಕ್ಕೆ, ಲಾರಿಯನ್ನು ಎಂದೂ ಹತ್ತದಿದ್ದ ಬಡವರ ಮನೆಗಳಿಗೆ ಹೋದರು.

ಮುಂದಿನದು ನಾನು ಕಂಡದ್ದಲ್ಲ. ಶಾಲೆ ಮುಚ್ಚಿತ್ತು, ನಾನು ಭಾಲ್ಕಿಯಲ್ಲಿ ನಮ್ಮ ಮನೆಯಲ್ಲಿದ್ದೆ. ಮಾಸ್ತರು ಬೀದರಿನಲ್ಲೇ ಉಳಿದಿದ್ದರು. ಅವರು ನನಗೆ ಹೇಳಿದ್ದನ್ನು, ಒಂದೇ ಸಲಕ್ಕಲ್ಲ, ವರ್ಷಗಳ ಅಂತರದಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಕೂಡಿಸಿ ಬರೆಯುತ್ತಿದ್ದೇನೆ. ಹೊಲಿಗೆ ನನ್ನದು.

ಬೀದರಿನ ಚೌಬಾರಾ ಗೋಪುರದ ಹತ್ತಿರ ಚಹಾದ ಅಂಗಡಿಯಲ್ಲಿ ಹಳ್ಳಿಯ ಕಡೆಯಿಂದ ಬಂದವನೊಬ್ಬ ಬಸಿಯಲ್ಲಿ ಚಹಾ ಹೊಯ್ದುಕೊಳ್ಳುತ್ತ, "ಇವತ್ತ ದಿನ್ನಿ ಮ್ಯಾಲಿನವರದು ಮುಗೀತು. ಹೊಳಿ ದಂಡಿಗಿ ಮಂದಿ ಕೂಡ್ಲತ್ತಾರ" ಎಂದನಂತೆ, ಮಳೆಯ ಸುದ್ದಿ ಹೇಳಿದ ಹಾಗೆ. ಮಾಸ್ತರು ಸೈನ್ಯದವರ ಡೇರೆಗೆ ಹೋದರು. ಅಲ್ಲಿ ಇವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಕಾಯಲು ಹೇಳಿದರು. ಕಾಯಲಿಲ್ಲ. ಕೋಣೆಗೆ ಬಂದು ಗೂಟದ ಮೇಲಿನ ಗಂಟು ಬಿಚ್ಚಿ ಚಡ್ಡಿ ಹಾಕಿಕೊಂಡು ಹೊರಟರು.

"ತಲಿಗಿ ಯಾವಾಗ ಕಟ್ಟಿದ್ನಿ ಅಂತ ನನಗ ನೆನಪೇ ಇಲ್ಲ ತಮ್ಮಾ" ಎಂದಿದ್ದರು. "ಕೈ ತಾನ ಕಟ್ಟಿತು. ಕೈಗಿ ಏನ ಗೊತ್ತು?"

ದಿನ್ನೆಯ ಕಾವಲಿನವನು ದೂರದಿಂದ ಪಟ್ಟಿ ಹಾರುವುದನ್ನು ಕಂಡ. "ಕೌದಿ ಬಂತು" ಎಂದು ಕೂಗಿದ. ಎಷ್ಟೋ ದಿನದಿಂದ ಜೀವ ಕೈಯಲ್ಲಿ ಹಿಡಿದು ಕೂತಿದ್ದ ಜನ ಅದನ್ನು ಕೇಳಿ ಸಮಾಧಾನಪಟ್ಟರು. ಮಾಸ್ತರು ಓಡಲಿಕ್ಕೆ ಬಂದಿದ್ದಾರೆಂದರೆ ಬೀದರಿನಲ್ಲಿ ಎಲ್ಲ ತಣ್ಣಗಾಗಿದೆ ಎಂದು ಲೆಕ್ಕ ಹಾಕಿದರು. ಹಿಂದಿನ ಜೋಳದ ಹೊಲ ಆಳೆತ್ತರ ಬೆಳೆದು ನಿಂತಿತ್ತು. ಅಪಾಯವೆಂದರೆ ಅದರೊಳಗೆ ನುಗ್ಗುವುದೆಂದು ಮೊದಲೇ ಮಾತಾಗಿತ್ತು. ಬೆಳಗಿನಿಂದ ಅಲ್ಲೇ ಅಡಗಿದ್ದ ಕೆಲವು ಹೆಂಗಸರು ಆ ಕೂಗಿಗೆ ಹೊರಗೆ ಬಂದು ಒಲೆ ಹೊತ್ತಿಸಿದರು. ಖಾಸಿಂಬಿ ತಂಬಿಗೆ ಹಿಡಿದು ಇಳಿದಳು.

ಎತ್ತಾಗಲು ಕಲಿತಿದ್ದ ಮನುಷ್ಯ ಅಂದು ಕುದುರೆಯಂತೆ ಓಡಿದ್ದರು. ದಿನ್ನೆಯ ಬುಡ ಮುಟ್ಟಿದಾಗ ಬಾಯಿಂದ ಮಾತು ಹೊರಡಲಿಲ್ಲ. ಕೈಯಿಂದ ಹೊಳೆಯ ಕಡೆ ತೋರಿಸಿದರು. ಮುದುಕಿ ನಕ್ಕು, "ಮೊದಲ ನೀರ ಕುಡಿ" ಎಂದು ತಂಬಿಗೆಯನ್ನು ತುಟಿಗೆ ಹಿಡಿದಳು. ಬಾಯಿ ತೆರೆದಿತ್ತು, ನೀರು ಒಳಗೆ ಹೋಯಿತು. ಕೆಮ್ಮು ಬಂತು. ಕೆಮ್ಮು ನಿಂತು ಮಾತು ಬರುವಷ್ಟರಲ್ಲಿ ಹೊಳೆಯ ಕಡೆಯಿಂದ ಗುಂಪು ದಿನ್ನೆಯ ಕೆಳಗಿನ ಹಳ್ಳ ದಾಟುತ್ತಿತ್ತು.

ಕೆಲವರು ಜೋಳದೊಳಗೆ ಓಡಿ ಉಳಿದರು. ಖಾಸಿಂಬಿ ಉಳಿಯಲಿಲ್ಲ, ಅವಳ ಮಗ ಉಳಿಯಲಿಲ್ಲ, ಒಲೆ ಹೊತ್ತಿಸಿದವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಹತ್ತಿ ತುಂಬಿದ ಮನೆಗಳು ಬೇಗ ಹೊತ್ತಿಕೊಂಡವು. ಮಾಸ್ತರರ ಹೆಗಲಿಗೆ ಕೊಡಲಿಯ ಕಾವಿನ ಏಟು ಬಿದ್ದು ಅವರು ರಸ್ತೆಯ ಬದಿಯ ತಗ್ಗಿಗೆ ಉರುಳಿದರು. ಕೆಳಗಿನ ಊರು ಬಾಗಿಲು ಹಾಕಿಕೊಂಡಿತ್ತು.

ಆ ಹೆಗಲು ನೆಟ್ಟಗಾಗಲಿಲ್ಲ. ಶಾಲೆ ತೆರೆದ ಮೇಲೆ ಅವರು ಔರಾದಿಗೆ ವರ್ಗ ಮಾಡಿಸಿಕೊಂಡು ಹೋದರು. ಮದುವೆಯಾಗಲಿಲ್ಲ. ಅಲ್ಲಿ ಮಕ್ಕಳ ಕ್ರೀಡೆಗೆ ಸೀಟಿ ಊದಲು ಕರೆದರೆ ನೀರಿನ ಕೊಡದ ಬಳಿ ಹೋಗಿ ಕೂರುತ್ತಿದ್ದರು, ಯಾರಿಗೂ ನೀರು ಕೊಡುತ್ತಿರಲಿಲ್ಲ, ತಾವೇ ತೆಗೆದುಕೊಂಡು ಕುಡಿಯಲಿ ಎನ್ನುತ್ತಿದ್ದರು. ಅವರ ನಿಧಾನಕ್ಕೆ ಊರು ನಗುತ್ತಿತ್ತು. ಒಂದು ಸಂಜೆ, ನಾನು ಅವರಲ್ಲಿಗೆ ಹೋಗಿದ್ದಾಗ, ಯಾವ ಮಾತಿಗೂ ಸಂಬಂಧವಿಲ್ಲದೆ ಹೇಳಿದರು.

"ಅವತ್ತಿನಂಗ ನಾ ಎಂದೂ ಓಡಿಲ್ಲ ತಮ್ಮಾ. ಜನವಾಡ ದಾಟಿದ ಮ್ಯಾಲ ಕಾಲು ಹಗುರ ಆದ್ವು. ಗಾಳಿ ಬೆನ್ನಿಗಿತ್ತು. ಖುಷಿ ಆಯ್ತು. ಹೈದರಾಬಾದಿನಾಗ ಓಡ್ಲತ್ತೇನಿ ಅನಸ್ತು. ಯಾಕ ಓಡ್ಲತ್ತೇನಿ ಅನ್ನೂದ ಮರತಿದ್ನಿ, ಒಂದೀಟು ದೂರ." ನನ್ನ ಮುಖ ನೋಡಲಿಲ್ಲ. "ಅದನ್ನ ಯಾರಿಗಿ ಹೇಳ್ಲಿ?"

ನನ್ನ ಆ ದಿನದ ದಿನಚರಿಯಲ್ಲಿ 'ಔರಾದಿಗೆ ಹೋಗಿ ಬಂದೆ' ಎಂದಷ್ಟೇ ಇದೆ.

ಖಾಸಿಂಬಿಯ ಸೊಸೆ ಹುಸೇನಬಿ ಜೋಳದ ಹೊಲದಲ್ಲಿ ಉಳಿದವಳು. ಆಮೇಲೆ ಜನವಾಡದಲ್ಲಿ ತವರಿನವರ ಹತ್ತಿರ ಕೌದಿ ಹೊಲಿದು ಬದುಕುತ್ತಿದ್ದಳು. ನಾನು ನಿವೃತ್ತನಾದ ವರ್ಷ ಅವಳನ್ನು ಹುಡುಕಿ ಹೋದೆ. ಮಾಸ್ತರರ ಮಾತೊಂದನ್ನೇ ನಂಬಿ ಬರೆಯಬಾರದೆಂಬ ಹಟ ನನ್ನದು. ಅವರು ತಲೆಯ ಪಟ್ಟಿಯ ತಪ್ಪನ್ನು ಇಷ್ಟು ವರ್ಷ ಹೊತ್ತು ತಿರುಗುತ್ತಿದ್ದಾರೆಂದು ಅವಳಿಗೆ ಹೇಳಿದೆ. ಅವಳು ಸೂಜಿ ನಿಲ್ಲಿಸಲಿಲ್ಲ.

"ಪಟ್ಟಿ ನಾವು ಯಾರೂ ನೋಡೇ ಇಲ್ಲರಿ ಸರ" ಎಂದಳು. "ಗುಂಪು ಮೊದಲ ಬಂತು. ಎಲ್ಲಾ ಮುಗದು ಹೋಗಿತ್ತು. ಮಾಸ್ತರ ಆಮ್ಯಾಲ ಬಂದ್ರು, ಪಾಪ. ಅವರಿಗಿ ಹೇಳ್ರಿ, ಅವರದೇನೂ ಇಲ್ಲ."

ಮರುದಿನವೇ ಔರಾದಿಗೆ ಹೋಗಿ ಹೇಳಿದೆ. ಒಬ್ಬ ಮನುಷ್ಯನ ಹೆಗಲಿನಿಂದ ಕಲ್ಲು ಇಳಿಸುತ್ತಿದ್ದೇನೆ ಎಂಬ ಸಡಗರ ನನಗೆ. ಮಾಸ್ತರು ಅಂಗಾಲು ತಿಕ್ಕಿಕೊಳ್ಳತೊಡಗಿದರು.

"ಹುಸೇನಬಿ ಹಂಗಂದ್ಲಾ?"

"ಹೌದ್ರಿ."

"ಒಳ್ಳೇಕಿ." ಆಮೇಲೆ ಮೆಲ್ಲಗೆ, ಲೆಕ್ಕದ ತಪ್ಪು ತೋರಿಸುವ ದನಿಯಲ್ಲಿ ಕೇಳಿದರು. "ಗುಂಪು ಮೊದಲ ಬಂದಿದ್ರ, ನನಗ ನೀರ ಕೊಟ್ಟವರು ಯಾರು ತಮ್ಮಾ?"

ಅದೇ ನಮ್ಮ ಕೊನೆಯ ಭೇಟಿ ಅಲ್ಲ, ಆದರೆ ಆ ವಿಷಯದ ಕೊನೆಯ ಮಾತು.

ಬಸ್ಸು ದಿನ್ನೆಯನ್ನು ದಾಟುವಾಗ ನೋಡಿದೆ. ಈಗ ಅಲ್ಲಿ ತೊಗರಿ. ಔರಾದ್ ಮುಟ್ಟುವ ಹೊತ್ತಿಗೆ ಅವರನ್ನು ಮಣ್ಣಿಗೆ ಒಯ್ಯಲು ಎತ್ತಿದ್ದರು; ಹೊತ್ತವರು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು, ನನಗೆ ಅವರ ಜೊತೆ ನಡೆಯಲಾಗಲಿಲ್ಲ. ಮಣ್ಣು ಕೊಟ್ಟು ತಿರುಗಿ ಬಂದಾಗ ಮನೆಯ ಮುಂದಿನ ಕಟ್ಟೆಯ ಮೇಲೆ ಹುಸೇನಬಿ ಕೂತಿದ್ದಳು. ತುಂಬ ಮುಪ್ಪಾಗಿದ್ದಳು. ಜನವಾಡದಿಂದ ಒಬ್ಬಳೇ ಬಂದಿದ್ದಳು. ನಾನು ಪಕ್ಕದಲ್ಲಿ ಕೂತೆ.

"ನೀವು ಅವತ್ತ ಅಂದದ್ದು ಅವರಿಗಿ ಹೇಳಿದ್ನಿ" ಎಂದೆ.

"ನಂಬಿದ್ರೇನ್ರಿ?"

"ಇಲ್ಲ. ನಿಮ್ಮ ಅತ್ತಿ ನೀರ ಕುಡಿಸಿದ್ದು ನೆನಪದ ಅಂದ್ರು."

ಅವಳು ಸೆರಗಿನ ಅಂಚನ್ನು ಬೆರಳುಗಳ ನಡುವೆ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಅವತ್ತ ಹಂಗ ಹೇಳೂವಾಗ ನೀರಿಂದು ನಾ ಮರತಿದ್ನಿ ನೋಡ್ರಿ" ಎಂದಳು.